ಮಿನಮಾಟದಲ್ಲಿ ಮೀನುಗಾರರಿಗೇ ಯಾಕೆ ಹಾಗಾಯಿತು?

ಪ್ರಶ್ನೆ: ನಮ್ಮದು ಕಾರವಾರದ ಹತ್ತಿರ ಮೀನುಗಾರಿಕೆಯ ಮನೆ. ನಾನು ಬಿಎಸ್ಸಿ ಓದುತ್ತಿದ್ದೇನೆ. ಪರಿಸರ ವಿಷಯದ ಪುಸ್ತಕದಲ್ಲಿ ಜಪಾನಿನ ಮಿನಮಾಟದ ಬಗ್ಗೆ ಎರಡೇ ಸಾಲು ಇದೆ. ಅಷ್ಟು ದೊಡ್ಡ ಸಮುದ್ರಕ್ಕೆ ಬಿದ್ದ ಪಾದರಸ ತೆಳುವಾಗಿ ಹೋಗಬೇಕಿತ್ತಲ್ಲ, ಮೀನುಗಾರರನ್ನೇ ಹುಡುಕಿ ಹಿಡಿದದ್ದು ಹೇಗೆ? ಕಾರಣ ಒಪ್ಪಿಕೊಳ್ಳಲು ಸರ್ಕಾರಕ್ಕೆ 12 ವರ್ಷ ಯಾಕೆ ಬೇಕಾಯಿತು? ಮೀನನ್ನು ಉಪ್ಪು ಹಾಕಿ ತೊಳೆದು ಬೇಯಿಸಿದರೆ ಪಾದರಸ ಹೋಗುವುದಿಲ್ಲವೇ? ನಮ್ಮ ಕಡೆ ಹೀಗಾದರೆ ಯಾವ ಪರೀಕ್ಷೆ ಮಾಡಿಸಬೇಕು? ನಮ್ಮ ಅತ್ತಿಗೆ ಈಗ ಬಸುರಿ, ಮನೆಯಲ್ಲಿ ದಿನಾ ಮೀನು. ಅದೂ ಒಂದು ಚಿಂತೆ.

ಉತ್ತರ: ಮಿನಮಾಟದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ದೇಹ ಸೇರಿ ನರಮಂಡಲವನ್ನು ಕೆಡಿಸಿತು. ನಿಮ್ಮ ಮೊದಲ ಪ್ರಶ್ನೆಯಲ್ಲೇ ಉಳಿದವುಗಳ ಗಂಟೂ ಇದೆ. ಪಾದರಸ ಸಮುದ್ರದಲ್ಲಿ ತೆಳುವಾಗಬೇಕಿತ್ತು ಎಂದಿರಿ. ನೀರಿನಲ್ಲಿ ತೆಳುವಾಯಿತು ನಿಜ. ಮಿನಮಾಟ ಕೊಲ್ಲಿಯ ನೀರು ಕುಡಿದು ಯಾರೂ ಕಾಯಿಲೆ ಬೀಳಲಿಲ್ಲ, ಅದರಲ್ಲಿ ಈಜಿದವರಿಗೂ ಏನೂ ಆಗಲಿಲ್ಲ. ನೀರು ಚದುರಿಸಿದ್ದನ್ನು ಜೀವಿಗಳು ಮತ್ತೆ ಒಟ್ಟುಗೂಡಿಸಿದವು. ಇಲ್ಲಿನ ವಿಷ ಮಿಥೈಲ್ ಪಾದರಸ, ಅಂದರೆ ಇಂಗಾಲದ ಒಂದು ಗುಂಪು ಸೇರಿಕೊಂಡ ಪಾದರಸ. ಅದು ಪ್ರೋಟೀನಿನ ಗಂಧಕದ ಭಾಗಕ್ಕೆ ಗಟ್ಟಿಯಾಗಿ ಅಂಟುತ್ತದೆ. ದೇಹದೊಳಕ್ಕೆ ಬೇಗ ಸೇರುತ್ತದೆ, ಹೊರಗೆ ಹೋಗುವುದು ಬಹಳ ನಿಧಾನ. ಸೂಕ್ಷ್ಮ ಪಾಚಿ ಹೀರಿಕೊಂಡದ್ದು ಅದನ್ನು ತಿಂದ ಸಣ್ಣ ಜೀವಿಗೆ, ಅಲ್ಲಿಂದ ಚಿಪ್ಪಿಗೆ, ಸಣ್ಣ ಮೀನಿಗೆ, ಅದನ್ನು ನುಂಗಿದ ದೊಡ್ಡ ಮೀನಿಗೆ ಸಾಗುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಸಾಂದ್ರತೆ ಏರುತ್ತದೆ. ನೀರಿನಲ್ಲಿದ್ದುದಕ್ಕೆ ಹೋಲಿಸಿದರೆ ಬೇಟೆಯಾಡುವ ಮೀನಿನ ಮಾಂಸದಲ್ಲಿ ಅದು ಹತ್ತು ಲಕ್ಷ ಪಟ್ಟಿನವರೆಗೂ ಇರಬಹುದು. ಆ ಮೆಟ್ಟಿಲುಗಳ ತುದಿಯಲ್ಲಿ ಕೂತವರು ಮೂರು ಹೊತ್ತೂ ಮೀನು ಉಣ್ಣುವ ಮನೆಯವರು ಮತ್ತು ಆ ಮನೆಗಳ ಬೆಕ್ಕುಗಳು.

ಕಾರ್ಖಾನೆಯೊಳಗೆ ಏನಾಗುತ್ತಿತ್ತು ಎಂಬುದನ್ನು ಪಠ್ಯಪುಸ್ತಕಗಳು ಹೆಚ್ಚಾಗಿ ತಪ್ಪು ಬರೆಯುತ್ತವೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮಿನಮಾಟ ಇರುವುದು ಕ್ಯೂಷು ದ್ವೀಪದ ಕುಮಮೊಟೊ ಪ್ರಾಂತದಲ್ಲಿ, ಶಿರನುಯಿ ಎಂಬ ಒಳಸಮುದ್ರದ ದಡದಲ್ಲಿ. ಎದುರಿಗೆ ಅಮಕುಸ ದ್ವೀಪಗಳ ಸಾಲು ಇರುವುದರಿಂದ ತೆರೆದ ಸಾಗರದೊಡನೆ ನೀರಿನ ವಿನಿಮಯ ಕಡಿಮೆ. ಅಲ್ಲಿನ ಚಿಸ್ಸೊ ಕಂಪನಿ 1932ರಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಕಾರ್ಬೈಡಿನಿಂದ ಬಂದ ಅಸಿಟಿಲಿನ್ ಅನಿಲವನ್ನು ಬಿಸಿಯಾದ ಗಂಧಕಾಮ್ಲದ ದ್ರಾವಣಕ್ಕೆ ಹಾಯಿಸಬೇಕು, ಅದರಲ್ಲಿ ಪಾದರಸದ ಸಲ್ಫೇಟ್ ವೇಗವರ್ಧಕವಾಗಿ ಇರಬೇಕು. ಆ ಅಸಿಟಾಲ್ಡಿಹೈಡಿನಿಂದ ಅಸಿಟಿಕ್ ಆಮ್ಲ, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ರಾಸಾಯನಿಕಗಳು ಆಗುತ್ತಿದ್ದವು. ಯುದ್ಧ ಮುಗಿದ ಜಪಾನಿಗೆ ಇವು ಬೇಕೇ ಬೇಕಾದ ಸರಕು. ಈ ಪಾತ್ರೆಯಲ್ಲೇ ಪಕ್ಕದ ಕ್ರಿಯೆಯಾಗಿ ಒಂದಿಷ್ಟು ಪಾದರಸ ಮಿಥೈಲ್ ಪಾದರಸವಾಗುತ್ತಿತ್ತು. ಬೇರೆ ಎಷ್ಟೋ ಕಡೆ ಹೂಳಿನ ಬ್ಯಾಕ್ಟೀರಿಯಾ ಮಾಡುವ ಕೆಲಸವನ್ನು ಇಲ್ಲಿ ಕಾರ್ಖಾನೆಯೇ ಮಾಡಿ ಚರಂಡಿಗೆ ಬಿಡುತ್ತಿತ್ತು. 1951ರಲ್ಲಿ ಪಾದರಸವನ್ನು ಮತ್ತೆ ಚುರುಕಾಗಿಸಲು ಬಳಸುತ್ತಿದ್ದ ಮ್ಯಾಂಗನೀಸ್ ಡೈ ಆಕ್ಸೈಡನ್ನು ಕೈಬಿಟ್ಟು ಕಬ್ಬಿಣದ ಸಂಯುಕ್ತಕ್ಕೆ ಬದಲಾಯಿಸಿದರು. ಮಿಥೈಲ್ ಪಾದರಸದ ಪ್ರಮಾಣ ಏರಿದ್ದು ಆ ಬದಲಾವಣೆಯ ನಂತರ, ಉತ್ಪಾದನೆಯೂ ವರ್ಷವರ್ಷ ಹೆಚ್ಚಿತು. 1932ರಿಂದ 1968ರ ಮೇ ತಿಂಗಳವರೆಗೆ ಸಮುದ್ರಕ್ಕೆ ಬಿದ್ದ ಒಟ್ಟು ಪಾದರಸದ ಅಂದಾಜು 70ರಿಂದ 150 ಟನ್. ಹ್ಯಾಕ್ಕೆನ್ ಬಂದರಿನಲ್ಲಿ ಚರಂಡಿ ಬಾಯಿಯ ಕೆಸರಿನ ಒಂದು ಟನ್ನಿನಲ್ಲಿ 2 ಕಿಲೋ ಪಾದರಸ ಸಿಕ್ಕಿತ್ತು. ಅದಿರಿನಂತೆ ತೆಗೆದು ಮಾರಬಹುದಾದಷ್ಟು.

ಇನ್ನು ಊಟದ ಲೆಕ್ಕ. ಆಗ ಕೊಲ್ಲಿಯಲ್ಲಿ ಸಿಕ್ಕ ಮೀನು, ಏಡಿ, ಚಿಪ್ಪುಗಳಲ್ಲಿ ಸುಮಾರು 5ರಿಂದ 35 ಪಿಪಿಎಂ ಪಾದರಸ ಇತ್ತು. ಪಿಪಿಎಂ ಎಂದರೆ ಒಂದು ಕಿಲೋ ಮೀನಿನಲ್ಲಿ ಇಷ್ಟು ಮಿಲಿಗ್ರಾಂ ಎಂದು. 10 ಪಿಪಿಎಂ ಎಂದೇ ಹಿಡಿಯಿರಿ. ದಿನಕ್ಕೆ 200 ಗ್ರಾಂ ತಿಂದರೆ 2 ಮಿಲಿಗ್ರಾಂ, ವಾರಕ್ಕೆ 14 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2003ರಲ್ಲಿ ಹಾಕಿದ ಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ ವಾರಕ್ಕೆ 1.6 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ ಅದು 96 ಮೈಕ್ರೋಗ್ರಾಂ. ಮಿನಮಾಟದ ತಟ್ಟೆಯಲ್ಲಿ ಬೀಳುತ್ತಿದ್ದದ್ದು ಅದರ ಸುಮಾರು 145 ಪಟ್ಟು. ಮೀನುಗಾರರ ಮನೆಯಲ್ಲಿ 200 ಗ್ರಾಂ ಎಂದರೆ ಕಡಿಮೆಯೇ, ಅದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಅಕ್ಕಿ ದುಡ್ಡು ಕೊಟ್ಟು ತರಬೇಕು, ಮೀನು ಮನೆಯದೇ. ರೋಗದ ಸುದ್ದಿ ಹಬ್ಬಿ ಪೇಟೆಯಲ್ಲಿ ಮಿನಮಾಟದ ಮೀನು ಕೇಳುವವರಿಲ್ಲದಾದ ಮೇಲೆ ಕೈಯಲ್ಲಿ ಕಾಸಿಲ್ಲ, ಬುಟ್ಟಿಯಲ್ಲಿ ಮಾರಾಟವಾಗದ ಮೀನು. ಆಗ ಅವರು ಮೊದಲಿಗಿಂತ ಹೆಚ್ಚು ಮೀನನ್ನೇ ತಿಂದರು. ಕಾಯಿಲೆ ಮಲಗಿದವರಿಗೆ ಶಕ್ತಿ ಬರಲಿ ಎಂದು ತಿನ್ನಿಸಿದ್ದೂ ಮೀನನ್ನೇ. ವಿಷ ಅವರನ್ನು ಹುಡುಕಿ ಹಿಡಿಯಿತು ಎಂದಿರಿ. ಅದು ಬಡತನದ ದಾರಿ ಹಿಡಿದು ಬಂತು.

ಸೂಚನೆಗಳು ಮನುಷ್ಯರಿಗಿಂತ ಮೊದಲು ಪ್ರಾಣಿಗಳಲ್ಲಿ ಕಂಡವು. 1950ರ ದಶಕದ ಆರಂಭದಲ್ಲೇ ಮೀನು ಸತ್ತು ತೇಲಿದವು, ಕಾಗೆಗಳು ಹಾರುತ್ತಲೇ ಬಿದ್ದವು. 1954ರ ಹೊತ್ತಿಗೆ ಮೀನುಗಾರರ ಕೇರಿಗಳ ಬೆಕ್ಕುಗಳು ಗಿರಗಿರ ತಿರುಗಿ, ಸೆಟೆದು, ಸಮುದ್ರಕ್ಕೆ ಬಿದ್ದು ಸಾಯತೊಡಗಿದ್ದವು. ಬೆಕ್ಕುಗಳು ಕುಣಿಯುವ ರೋಗ ಎಂದು ಊರಿನವರು ಕರೆದರು. 1956ರ ಏಪ್ರಿಲಿನಲ್ಲಿ ಐದು ವರ್ಷದ ಒಬ್ಬ ಹುಡುಗಿಯನ್ನು ಚಿಸ್ಸೊ ಕಾರ್ಖಾನೆಯ ಆಸ್ಪತ್ರೆಗೆ ತಂದರು. ನಡಿಗೆ ತಪ್ಪಿತ್ತು, ಮಾತು ತೊದಲುತ್ತಿತ್ತು, ಸೆಳವು ಬರುತ್ತಿತ್ತು. ಕೆಲವೇ ದಿನಗಳಲ್ಲಿ ತಂಗಿಗೂ ಅದೇ ಲಕ್ಷಣ. ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕವ ಹಾಜಿಮೆ ಮೇ 1ರಂದು ಆರೋಗ್ಯ ಕಚೇರಿಗೆ ವರದಿ ಮಾಡಿದರು: ಕಾರಣ ತಿಳಿಯದ ನರಮಂಡಲದ ರೋಗವೊಂದು ಹಬ್ಬುತ್ತಿದೆ. ರೋಗ ಅಧಿಕೃತವಾಗಿ ಕಂಡ ದಿನವೆಂದು ಇಂದಿಗೂ ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ಮೊದಮೊದಲು ಅಂಟುರೋಗವೆಂದು ತಿಳಿದು ರೋಗಿಗಳನ್ನು ಬೇರೆ ಇಟ್ಟರು, ಮನೆಗಳಿಗೆ ಔಷಧಿ ಹೊಡೆದರು. ಅಂಗಡಿಯವರು ಅವರ ಕೈಯಿಂದ ದುಡ್ಡನ್ನು ಕಡ್ಡಿಯಲ್ಲಿ ಹಿಡಿದು ತೆಗೆದುಕೊಂಡರು. ಅಂಟುರೋಗವಲ್ಲ ಎಂದು ತಿಳಿದ ಮೇಲೂ ಆ ದೂರ ಹೋಗಲಿಲ್ಲ. ಊರಿನ ತೆರಿಗೆ, ನೌಕರಿ, ಅಂಗಡಿಗಳೆಲ್ಲ ಕಾರ್ಖಾನೆಯ ಮೇಲೆ ನಿಂತಿದ್ದವು, ಕಾರ್ಖಾನೆಯ ವಿರುದ್ಧ ಬಾಯಿ ತೆರೆದವರು ಊರಿನ ವಿರುದ್ಧವೇ ನಿಂತಂತಾಗುತ್ತಿತ್ತು.

ಈಗ ಆ 12 ವರ್ಷದ ಮಾತು. ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ರೋಗ ಮೀನಿನಿಂದ ಬರುತ್ತಿದೆ ಎಂಬುದು 1956ರ ಕೊನೆಗೇ ಗೊತ್ತಿತ್ತು. ಕುಮಮೊಟೊ ವಿಶ್ವವಿದ್ಯಾಲಯದ ತಂಡ ಅಂಟುರೋಗದ ಸಂದೇಹ ಬಿಟ್ಟು, ಕೊಲ್ಲಿಯ ಮೀನು ಮತ್ತು ಚಿಪ್ಪುಗಳಲ್ಲಿರುವ ಯಾವುದೋ ಲೋಹದ ವಿಷ ಎಂದು ಹೇಳಿಯಾಗಿತ್ತು. ಯಾವ ಲೋಹ ಎಂಬುದಷ್ಟೇ ತಿಳಿದಿರಲಿಲ್ಲ. ಮ್ಯಾಂಗನೀಸ್, ಸೆಲೆನಿಯಂ, ಥಾಲಿಯಂ ಎಂದು ಒಂದೊಂದಾಗಿ ಸಂದೇಹಪಟ್ಟರು. 1957ರಲ್ಲಿ ಪ್ರಾಂತದ ಆಡಳಿತ, ಆಹಾರ ನೈರ್ಮಲ್ಯ ಕಾನೂನಿನಡಿ ಕೊಲ್ಲಿಯ ಮೀನನ್ನು ನಿಷೇಧಿಸಬಹುದೇ ಎಂದು ಕೇಂದ್ರದ ಆರೋಗ್ಯ ಸಚಿವಾಲಯವನ್ನು ಕೇಳಿತು. ಕೊಲ್ಲಿಯ ಎಲ್ಲ ಮೀನೂ ವಿಷವಾಗಿದೆ ಎನ್ನಲು ಸ್ಪಷ್ಟ ಆಧಾರವಿಲ್ಲ, ಆದ್ದರಿಂದ ಆಗದು ಎಂಬ ಉತ್ತರ ಸೆಪ್ಟೆಂಬರಿನಲ್ಲಿ ಬಂತು. ತಿನ್ನಬೇಡಿ ಎಂಬ ಸಲಹೆ ಇತ್ತು, ಕಾನೂನಿನ ನಿಷೇಧ ಇರಲಿಲ್ಲ, ನಿಷೇಧವಿಲ್ಲದ್ದರಿಂದ ನಷ್ಟ ಪರಿಹಾರವೂ ಇರಲಿಲ್ಲ. ಅದೇ ದೇಶದಲ್ಲಿ ಅದಕ್ಕೆ ಕೆಲವೇ ವರ್ಷ ಮೊದಲು ಹಮಾನ ಸರೋವರದ ಚಿಪ್ಪು ತಿಂದು ಜನ ಸತ್ತಾಗ, ವಿಷ ಯಾವುದೆಂದು ತಿಳಿಯದಿದ್ದರೂ ಚಿಪ್ಪು ತೆಗೆಯುವುದನ್ನು ನಿಲ್ಲಿಸಿದ್ದರು. ಅನ್ನ ತಿಂದು ವಾಂತಿಯಾದರೆ ಅನ್ನದ ಪಾತ್ರೆಯನ್ನು ಮೊದಲು ಪಕ್ಕಕ್ಕಿಡುತ್ತೇವೆ, ಯಾವ ರಾಸಾಯನಿಕ ಎಂದು ಆಮೇಲೆ ನೋಡುತ್ತೇವೆ. ಮಿನಮಾಟದಲ್ಲಿ ಈ ಕ್ರಮ ತಲೆಕೆಳಗಾಯಿತು. ನಮ್ಮ ದೃಷ್ಟಿಯಲ್ಲಿ ಅತಿ ದೊಡ್ಡ ತಪ್ಪು ಇದೇ, ಪಾದರಸದ ರಸಾಯನ ವಿಜ್ಞಾನ ಅದರ ಮುಂದೆ ಎರಡನೆಯದು.

1958ರ ಸೆಪ್ಟೆಂಬರಿನಲ್ಲಿ ಕಂಪನಿ ಚರಂಡಿಯ ದಿಕ್ಕನ್ನು ಹ್ಯಾಕ್ಕೆನ್ ಬಂದರಿನಿಂದ ಮಿನಮಾಟ ನದಿಯ ಅಳಿವೆಗೆ ತಿರುಗಿಸಿತು. ಅಲ್ಲಿಯವರೆಗೆ ಕೊಲ್ಲಿಗೆ ಸೀಮಿತವಾಗಿದ್ದ ರೋಗ ಮರುವರ್ಷ ಉತ್ತರದ ಹಳ್ಳಿಗಳಲ್ಲೂ ಕಂಡಿತು. ಯಾರೂ ಮಾಡಬಾರದ ಪ್ರಯೋಗ ಅದು, ಆದರೆ ಚರಂಡಿಯೇ ಮೂಲ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. 1959ರ ಜುಲೈಯಲ್ಲಿ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸ (ಮಿಥೈಲ್ ಪಾದರಸ ಸೇರುವ ಗುಂಪು) ಎಂದು ಹೆಸರಿಟ್ಟು ಹೇಳಿತು. 1940ರಲ್ಲಿ ಹಂಟರ್ ಮತ್ತು ರಸೆಲ್ ಜೊತೆಗಾರರು ಬೀಜೋಪಚಾರಕ್ಕೆ ಮಿಥೈಲ್ ಪಾದರಸದ ಮದ್ದು ತಯಾರಿಸುವ ಇಂಗ್ಲೆಂಡಿನ ಕಾರ್ಖಾನೆಯ ನಾಲ್ವರು ಕೆಲಸಗಾರರಲ್ಲಿ ಬರೆದಿಟ್ಟ ಲಕ್ಷಣಗಳೇ ಇಲ್ಲಿಯವೂ ಆಗಿದ್ದವು. ಕೈಗವಸು, ಕಾಲುಚೀಲ ಹಾಕಿದ ಜಾಗವೆಲ್ಲ ಜೋಮು ಹಿಡಿದಂತಿರುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ಕೊಳವೆಯೊಳಗಿಂದ ನೋಡಿದಂತೆ ದೃಷ್ಟಿಯ ಸುತ್ತಳತೆ ಕುಗ್ಗುವುದು, ಕಿವಿ ಮಂದವಾಗುವುದು. ಕಂಪನಿ ಒಪ್ಪಲಿಲ್ಲ. ಯುದ್ಧದ ಕಾಲದಲ್ಲಿ ಮುಳುಗಿಸಿದ ಸ್ಫೋಟಕಗಳು, ಕೊಳೆತ ಮೀನಿನ ಅಮೈನುಗಳು ಎಂದು ಬೇರೆ ಬೇರೆ ವಾದಗಳು ಎದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಡಾ. ಹೊಸೊಕವ ಪ್ರಯೋಗಕ್ಕೆ ಬಳಸಿದ 400ನೇ ನಂಬರಿನ ಬೆಕ್ಕು, ಅಸಿಟಾಲ್ಡಿಹೈಡ್ ವಿಭಾಗದ ಚರಂಡಿ ನೀರು ಬೆರೆಸಿದ ಆಹಾರ ತಿಂದು ಅದೇ ರೋಗಕ್ಕೆ ಬಿತ್ತು. ಕಂಪನಿ ಅದನ್ನು ಹೊರಗೆ ಬಿಡಲಿಲ್ಲ, ಪ್ರಯೋಗ ಮುಂದುವರಿಸಲೂ ಬಿಡಲಿಲ್ಲ. ಹೊಸೊಕವ 1970ರಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ಈ ಸಂಗತಿಯನ್ನು ನ್ಯಾಯಾಲಯಕ್ಕೆ ಸಾಕ್ಷಿ ಹೇಳಿದರು.

1959ರ ಡಿಸೆಂಬರಿನಲ್ಲಿ ಎರಡು ಸಂಗತಿ ನಡೆದವು, ಎರಡೂ ವಿಷಯವನ್ನು ಮುಚ್ಚಿಹಾಕಿದವು. ಒಂದು, ಸೈಕ್ಲೇಟರ್ ಎಂಬ ಶುದ್ಧೀಕರಣ ಘಟಕ. ಅದು ಕದಡಿದ ಕಣಗಳನ್ನು ತಳಕ್ಕಿಳಿಸುವ ಯಂತ್ರ. ಕರಗಿರುವ ಮಿಥೈಲ್ ಪಾದರಸವನ್ನು ಹಿಡಿಯಲು ಅದನ್ನು ಕಟ್ಟಿರಲೇ ಇಲ್ಲ. ನೀರು ತಿಳಿಯಾಗಿ ಹೊರಬಂತು, ಊರು ನಂಬಿತು. ಇನ್ನೊಂದು, ಡಿಸೆಂಬರ್ 30ರ ಸಾಂತ್ವನ ಹಣದ ಒಪ್ಪಂದ. ಸತ್ತವರಿಗೆ 3 ಲಕ್ಷ ಯೆನ್, ವಯಸ್ಕ ರೋಗಿಗೆ ವರ್ಷಕ್ಕೆ 1 ಲಕ್ಷ, ಮಕ್ಕಳಿಗೆ ವರ್ಷಕ್ಕೆ 30 ಸಾವಿರ. ಮುಂದೆ ಕಾರ್ಖಾನೆಯೇ ಕಾರಣ ಎಂದು ಸಾಬೀತಾದರೂ ಹೊಸ ಪರಿಹಾರ ಕೇಳುವಂತಿಲ್ಲ ಎಂಬ ಷರತ್ತು ಅದರೊಳಗಿತ್ತು. ವರ್ಷದ ಕೊನೆಯ ದಿನಗಳಲ್ಲಿ ಮನೆಯಲ್ಲಿ ಅಕ್ಕಿಯಿಲ್ಲದ ಜನ ಸಹಿ ಹಾಕಿದರು. 1973ರ ಮಾರ್ಚ್ 20ರಂದು ಕುಮಮೊಟೊ ಜಿಲ್ಲಾ ನ್ಯಾಯಾಲಯ ಈ ಒಪ್ಪಂದ ಲೋಕನೀತಿಗೆ ವಿರುದ್ಧ, ಅಸಿಂಧು ಎಂದು ತಳ್ಳಿಹಾಕಿ ಕಂಪನಿಯನ್ನು ಹೊಣೆ ಮಾಡಿತು. ಅದಕ್ಕೂ ಮುನ್ನ 1965ರಲ್ಲಿ ನೀಗಾಟ ಪ್ರಾಂತದ ಅಗಾನೊ ನದಿಯ ದಡದಲ್ಲಿ, ಶೋವಾ ಡೆಂಕೊ ಕಂಪನಿಯ ಇದೇ ಬಗೆಯ ಕಾರ್ಖಾನೆಯಿಂದ ಇದೇ ರೋಗ ಮತ್ತೆ ಎದ್ದಿತ್ತು. ಚಿಸ್ಸೊ 1959ರಲ್ಲಿ ಬಾಯಿ ಬಿಟ್ಟಿದ್ದರೆ ಅದು ತಪ್ಪಬಹುದಿತ್ತು. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರ ಸೆಪ್ಟೆಂಬರ್ 26ರಂದು. ಆ ವರ್ಷದ ಮೇ ತಿಂಗಳಲ್ಲೇ ಹಳೆಯ ವಿಧಾನ ಲಾಭ ತಾರದೆ ಕಂಪನಿ ಆ ಘಟಕವನ್ನು ಮುಚ್ಚಿಯಾಗಿತ್ತು.

ಮಕ್ಕಳ ವಿಷಯ ಬೇರೆಯೇ ಹೇಳಬೇಕು, ನಿಮ್ಮ ಅತ್ತಿಗೆಯ ಪ್ರಶ್ನೆಗೂ ಅದು ಬೇಕು. ಮಾಸು ವಿಷವನ್ನು ತಡೆಯುತ್ತದೆ ಎಂದು ಆಗಿನ ವೈದ್ಯರು ನಂಬಿದ್ದರು. ಮಿನಮಾಟದಲ್ಲಿ ಮೀನನ್ನೇ ತಿನ್ನದ ಎಳೆ ಮಕ್ಕಳು ಕತ್ತು ನಿಲ್ಲದೆ, ಕೈಕಾಲು ತಿರುಚಿಕೊಂಡು ಹುಟ್ಟುತ್ತಿದ್ದರು, ತಾಯಂದಿರಿಗೆ ಲಕ್ಷಣಗಳು ತೀರ ಕಡಿಮೆ. ಮಿಥೈಲ್ ಪಾದರಸ ಒಂದು ಅಮೈನೋ ಆಮ್ಲದ ವೇಷದಲ್ಲಿ ಮಾಸನ್ನೂ ಮೆದುಳಿನ ತಡೆಯನ್ನೂ ದಾಟುತ್ತದೆ, ಮಗುವಿನ ರಕ್ತದಲ್ಲಿ ಅದರ ಮಟ್ಟ ತಾಯಿಯದಕ್ಕಿಂತ ಹೆಚ್ಚಿರುತ್ತದೆ. ಡಾ. ಹರಾಡ ಮಸಜುಮಿ ಈ ಮಕ್ಕಳ ಮನೆಮನೆಗೆ ಹೋಗಿ ಇದು ಗರ್ಭದಲ್ಲೇ ತಗುಲಿದ ರೋಗ ಎಂದು ತೋರಿಸಿದರು, 1962ರಲ್ಲಿ ಅದನ್ನು ಒಪ್ಪಿಕೊಳ್ಳಲಾಯಿತು. ಜಪಾನಿನ ಮನೆಗಳಲ್ಲಿ ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಪುಟ್ಟ ಮರದ ಡಬ್ಬಿಯಲ್ಲಿ ಜೋಪಾನ ಮಾಡುತ್ತಾರೆ. ನಮ್ಮಲ್ಲೂ ಕೆಲವು ಮನೆಗಳಲ್ಲಿ ಅದನ್ನು ತಾಯಿತದಲ್ಲಿಟ್ಟು ಕಟ್ಟುವುದುಂಟು. ಆ ಡಬ್ಬಿಗಳನ್ನು ಒಟ್ಟುಮಾಡಿ ಪರೀಕ್ಷಿಸಿದಾಗ, ಮಗು ಹುಟ್ಟಿದ ವರ್ಷಕ್ಕೆ ತಕ್ಕಂತೆ ಬಳ್ಳಿಯಲ್ಲಿನ ಮಿಥೈಲ್ ಪಾದರಸ ಏರಿ ಇಳಿದಿತ್ತು, ಅದು ಕಾರ್ಖಾನೆಯ ಉತ್ಪಾದನೆಯ ಏರಿಳಿತಕ್ಕೆ ಹೊಂದಿಕೊಂಡಿತ್ತು. ಅಳೆಯುವ ಉಪಕರಣವೇ ಇಲ್ಲದ ವರ್ಷಗಳ ದಾಖಲೆಯನ್ನು ತಾಯಂದಿರು ಕಾಪಾಡಿಟ್ಟಿದ್ದರು.

ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ, ಆದ್ದರಿಂದ ಈ ರೋಗಕ್ಕೆ ಗುಣವಿಲ್ಲ. ಅಧಿಕೃತ ರೋಗಿಗಳೆಂದು ಪ್ರಮಾಣಪತ್ರ ಪಡೆದವರು ಮಿನಮಾಟ, ನೀಗಾಟ ಎರಡೂ ಕಡೆ ಸೇರಿ ಸುಮಾರು 3000. ನಂತರದ ಪರಿಹಾರ ಯೋಜನೆಗಳಲ್ಲಿ ಏನಾದರೂ ನೆರವು ಪಡೆದವರು ಹತ್ತಾರು ಸಾವಿರ. ಈ ಅಂತರಕ್ಕೆ ಕಾರಣ ಸರ್ಕಾರದ 1977ರ ಮಾನದಂಡ, ಅದು ಹಲವು ಲಕ್ಷಣಗಳು ಒಟ್ಟಿಗೆ ಇರಬೇಕು ಎಂದಿತು. ಕೈಕಾಲು ಮರಗಟ್ಟಿ ಮೀನಿನ ಮುಳ್ಳು ಚುಚ್ಚಿದ್ದೂ ತಿಳಿಯದ, ಬಲೆಯ ಗಂಟು ಹಾಕಲಾಗದ ಮೀನುಗಾರ ಆ ಪಟ್ಟಿಯ ಹೊರಗೆ ಉಳಿದ. ಸಂವೇದನೆಯ ನಷ್ಟ ಒಂದೇ ಇದ್ದರೂ ರೋಗಿಯೆಂದು ಪರಿಗಣಿಸಬಹುದು ಎಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2013ರಲ್ಲಿ. ಸರ್ಕಾರ, ಪ್ರಾಂತ ಎರಡೂ ಹೊಣೆ ಎಂದು ಅದು ತೀರ್ಪಿತ್ತದ್ದು 2004ರಲ್ಲಿ. ವಿಷದ ಮೀನು ಹೊರಹೋಗದಂತೆ ಕೊಲ್ಲಿಯ ಬಾಯಿಗೆ 1974ರಲ್ಲಿ ಕಟ್ಟಿದ ಬಲೆಯನ್ನು 1997ರಲ್ಲಿ ತೆಗೆದರು. ನಡುವೆ 1977ರಿಂದ 1990ರವರೆಗೆ 25 ಪಿಪಿಎಂಗಿಂತ ಹೆಚ್ಚು ಪಾದರಸವಿದ್ದ ಹೂಳನ್ನು ಹೀರಿ ತೆಗೆದು, ಒಳಗೊಲ್ಲಿಯಲ್ಲೇ ಗೋಡೆ ಕಟ್ಟಿ ಹುದುಗಿಸಿದರು. ಈಗ ಅಲ್ಲಿ 58 ಹೆಕ್ಟೇರ್ ಹೊಸ ನೆಲವಿದೆ, ಅದರಡಿ ಆ ಕೆಸರಿದೆ.

ನಮ್ಮ ಕರಾವಳಿಗೆ ಬರೋಣ. ಭಾರತದಲ್ಲಿ ಪಾದರಸದ ದೊಡ್ಡ ಬಳಕೆ ಇದ್ದದ್ದು ಕಾಸ್ಟಿಕ್ ಸೋಡ ಕಾರ್ಖಾನೆಗಳಲ್ಲಿ. ಉಪ್ಪುನೀರಿಗೆ ವಿದ್ಯುತ್ ಹಾಯಿಸುವಾಗ ತಳದಲ್ಲಿ ಹರಿಯುವ ಪಾದರಸವೇ ಒಂದು ಧ್ರುವ. ನಿಮ್ಮ ಊರಿನ ಪಕ್ಕದ ಬಿಣಗದಲ್ಲೂ ಇಂಥ ಕಾರ್ಖಾನೆ ಇತ್ತು, ಅದರ ಸುತ್ತಲಿನ ಸಮುದ್ರದ ಪಾದರಸದ ಬಗ್ಗೆ 1990ರಲ್ಲೇ ವೈಜ್ಞಾನಿಕ ಅಧ್ಯಯನ ಪ್ರಕಟವಾಗಿದೆ. ಇದನ್ನು ಮಿನಮಾಟಕ್ಕೆ ಸಮ ಎಂದುಕೊಳ್ಳಬೇಡಿ. ಇಂಥ ಕಾರ್ಖಾನೆಯಿಂದ ಹೊರಬೀಳುವುದು ನಿರವಯವ ಪಾದರಸ. ಅದು ಮಿಥೈಲ್ ಆಗಬೇಕಾದರೆ ಆಮ್ಲಜನಕವಿಲ್ಲದ ಹೂಳಿನ ಬ್ಯಾಕ್ಟೀರಿಯಾ ಬೇಕು. ಕಾಂಡ್ಲಾ ಗಿಡಗಳ ಬುಡ, ಅಳಿವೆಯ ಕಪ್ಪು ಕೆಸರು, ನಿಂತ ಹಿನ್ನೀರು ಅವಕ್ಕೆ ಹೇಳಿ ಮಾಡಿಸಿದ ಜಾಗ. ಕೆನಡಾದ ಒಂಟಾರಿಯೋದಲ್ಲಿ ಡ್ರೈಡನ್ ಎಂಬಲ್ಲಿನ ಇಂಥದೇ ಕಾರ್ಖಾನೆ 1962ರಿಂದ 1970ರವರೆಗೆ ಸುಮಾರು 9 ಟನ್ ಪಾದರಸವನ್ನು ನದಿಗೆ ಬಿಟ್ಟು, ಗ್ರಾಸಿ ನ್ಯಾರೋಸ್ ಎಂಬ ಮೂಲನಿವಾಸಿಗಳ ಊರಿನ ಮೀನುಗಾರಿಕೆಯನ್ನೇ ಕೊಂದಿತು. ಪಾದರಸದ ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದೆ. ಆ ಒಪ್ಪಂದದಂತೆ ಪಾದರಸದ ಕೋಶ ಬಳಸುವ ಕಾಸ್ಟಿಕ್ ಸೋಡ ತಯಾರಿಕೆಗೆ 2025 ಕೊನೆಯ ಗಡುವು. ಆದರೆ ಹಳೆಯ ಹೂಳು ಒಪ್ಪಂದ ಓದುವುದಿಲ್ಲ. ಬಂದರಿಗೆ, ಸೇತುವೆಗೆ ಎಂದು ಅದನ್ನು ಕೆದಕುವ ಮುಂಚೆ ಪಾದರಸ ಅಳೆದಿದ್ದೀರಾ ಎಂದು ಕೇಳುವ ಹಕ್ಕು ನಿಮ್ಮದು.

ಕಾರ್ಖಾನೆಯವರು ನಮ್ಮ ನೀರು ಮಿತಿಯೊಳಗಿದೆ ಎಂದು ಪತ್ರ ತೋರಿಸಿದರೆ ಒಂದು ಲೆಕ್ಕ ಹಾಕಿ. ನಮ್ಮ ಪರಿಸರ ನಿಯಮದಲ್ಲಿ ಹೊರಬಿಡುವ ನೀರಿಗೆ ಪಾದರಸದ ಸಾಮಾನ್ಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ದಿನಕ್ಕೆ ಒಂದು ಕೋಟಿ ಲೀಟರ್ ಬಿಡುವ ಘಟಕ ಆ ಮಿತಿಯಲ್ಲೇ ಇದ್ದರೂ ದಿನಕ್ಕೆ 100 ಗ್ರಾಂ, ವರ್ಷಕ್ಕೆ 36 ಕಿಲೋಗಿಂತ ಹೆಚ್ಚು ಪಾದರಸ ಸಮುದ್ರಕ್ಕೆ ಹೋಗುತ್ತದೆ. ಪಾದರಸ ಕೊಳೆಯುವ ವಸ್ತುವಲ್ಲ, ಇವತ್ತಿನದರ ಮೇಲೆ ನಾಳೆಯದು ಕೂಡುತ್ತದೆ. ಆದ್ದರಿಂದ ಸಾಂದ್ರತೆಯ ಜೊತೆಗೆ ವರ್ಷದ ಒಟ್ಟು ತೂಕ ಕೇಳಬೇಕು, ಎಷ್ಟು ಪಾದರಸ ಕೊಂಡಿರಿ, ಎಷ್ಟು ಉಳಿದಿದೆ ಎಂಬ ದಾಸ್ತಾನು ಲೆಕ್ಕ ಕೇಳಬೇಕು.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ, ಬಾಟಲಿಯಲ್ಲಿ ನೀರು ತುಂಬಿ ತರುತ್ತಾರೆ. ಸಮುದ್ರದ ನೀರಿನಲ್ಲಿ ಪಾದರಸ ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿರುತ್ತದೆ, ಸಾಮಾನ್ಯ ಪ್ರಯೋಗಾಲಯ ಇಲ್ಲ ಎಂದೇ ಬರೆಯುತ್ತದೆ. ಸಾಧಾರಣ ಪ್ಲಾಸ್ಟಿಕ್ ಬಾಟಲಿಯಾದರೆ ಅಷ್ಟೂ ಅದರ ಗೋಡೆಗೆ ಅಂಟಿ, ಅದರ ಮೂಲಕ ಸೋರಿ ಹೋಗುತ್ತದೆ. ಹೂಳು, ಮೀನು, ಕೂದಲು, ಈ ಮೂರನ್ನು ಪರೀಕ್ಷಿಸಿ. ಹೂಳನ್ನು ಚರಂಡಿ ಬಾಯಿಯಿಂದ ಶುರುಮಾಡಿ ಅರ್ಧ ಕಿಲೋಮೀಟರಿಗೊಂದರಂತೆ ಮೇಲಿನ ನಾಲ್ಕೈದು ಸೆಂಟಿಮೀಟರ್ ಮಾತ್ರ ತೆಗೆಯಿರಿ, ಕಾರ್ಖಾನೆಯ ನೆರಳೇ ಬೀಳದ ಬೇರೊಂದು ಅಳಿವೆಯಿಂದಲೂ ಹೋಲಿಕೆಗೆ ತೆಗೆಯಿರಿ. ಹೋಲಿಕೆಯ ಮಾದರಿ ಇಲ್ಲದ ವರದಿಗೆ ಯಾರ ಮುಂದೆಯೂ ಬೆಲೆಯಿಲ್ಲ. ಮರಳು ಪಾದರಸ ಹಿಡಿಯುವುದಿಲ್ಲ, ಆದ್ದರಿಂದ 63 ಮೈಕ್ರಾನ್ ಜರಡಿಯಲ್ಲಿ ಸೋಸಿದ ನುಣ್ಣನೆಯ ಭಾಗವನ್ನು ಅಳೆಯಲು ಹೇಳಿ. ಮೀನಾದರೆ ಅಲ್ಲೇ ನೆಲೆನಿಂತ ಜಾತಿ ಆರಿಸಿ. ಕಲ್ವ, ಬೆಳಚು, ಏಡಿ, ಮಡ್ಲೆ, ಕಾಣೆ ಆಗಬಹುದು. ಬಂಗುಡೆ ಇಡೀ ಕರಾವಳಿ ಸುತ್ತುವ ಮೀನು, ಅದು ನಿಮ್ಮ ಚರಂಡಿಯ ಕಥೆ ಹೇಳದು. ಪ್ರತಿ ಮೀನಿನ ಉದ್ದ, ತೂಕ ಬರೆದಿಡಿ, ಬೆನ್ನಿನ ಈಜುರೆಕ್ಕೆಯ ಕೆಳಗಿನ ಮಾಂಸ ಕೊಡಿ. ದೊಡ್ಡ ಮೀನಿನಲ್ಲಿ ಸಹಜವಾಗಿಯೇ ಹೆಚ್ಚಿರುವುದರಿಂದ ಒಂದೇ ಅಳತೆಯವನ್ನು ಮಾತ್ರ ಹೋಲಿಸಬೇಕು. ವರದಿ ಬಂದಾಗ ಹಸಿ ತೂಕವೋ ಒಣ ತೂಕವೋ ನೋಡಿ. ಮೀನಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರು, ಇದನ್ನು ಗಮನಿಸದಿದ್ದರೆ ಅಂಕಿ ನಾಲ್ಕೈದು ಪಟ್ಟು ಹೆಚ್ಚು ಕಡಿಮೆಯಾಗುತ್ತದೆ. ಒಟ್ಟು ಪಾದರಸ ಅಳೆದರೆ ಸಾಕು, ಮೀನಿನ ಮಾಂಸದಲ್ಲಿ ಅದರ ಬಹುಪಾಲು ಮಿಥೈಲ್ ರೂಪವೇ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಸಾಮಾನ್ಯ ಮೀನಿಗೆ 0.5 ಪಿಪಿಎಂ, ಬೇಟೆ ಮೀನುಗಳಿಗೆ 1. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಂಥಲ್ಲಿ ಈ ಪರೀಕ್ಷೆ ಬಲ್ಲವರಿದ್ದಾರೆ.

ಮನುಷ್ಯರಲ್ಲಿ ಕೂದಲೇ ಒಳ್ಳೆಯದು. ಮೂತ್ರ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಬಂದರೆ ಸಮಾಧಾನಪಡಬೇಡಿ. ಅದು ಪಾದರಸದ ಆವಿ ಕುಡಿದ ಕೆಲಸಗಾರರಿಗೆ ಸರಿ. ಮೀನಿನ ಪಾದರಸ ಪಿತ್ತದ ಮೂಲಕ ಮಲದಲ್ಲಿ ಹೋಗುತ್ತದೆ, ಮೂತ್ರದಲ್ಲಿ ಬಹಳ ಕಡಿಮೆ. ಹಿಂದಲೆಯಲ್ಲಿ ಚರ್ಮಕ್ಕೆ ತಾಗಿಸಿ ಒಂದು ಪೆನ್ಸಿಲ್ ದಪ್ಪದ ಎಳೆ ಕತ್ತರಿಸಿ, ಬುಡದ ಕಡೆ ದಾರ ಕಟ್ಟಿ, ಕಾಗದದ ಲಕೋಟೆಯಲ್ಲಿಡಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೇಲೆ ಹೇಳಿದ ವಾರದ ಮಿತಿಯಲ್ಲಿ ತಿನ್ನುವವರ ಕೂದಲಲ್ಲಿ ಸುಮಾರು 2 ಪಿಪಿಎಂ ಇರುತ್ತದೆ. ಗರ್ಭಿಣಿಯರಿಗೆ 10 ದಾಟಿದರೆ ಗಂಭೀರ, ವಯಸ್ಕರಲ್ಲಿ ನರದ ಲಕ್ಷಣ ಕಾಣತೊಡಗುವುದು 50ರ ಹತ್ತಿರ. ಮಿನಮಾಟದ ರೋಗಿಯೊಬ್ಬರಲ್ಲಿ 705 ಇತ್ತು. 1960ರ ಆಸುಪಾಸಿನಲ್ಲಿ ಶಿರನುಯಿ ಸುತ್ತಲಿನ ಮೀನುಗಾರರ ಕೂದಲು ಅಳೆದಾಗ ದ್ವೀಪದ ಮಹಿಳೆಯೊಬ್ಬರಲ್ಲಿ 920 ಸಿಕ್ಕಿತು. ಅಳೆಸಿಕೊಂಡವರಿಗೆ ಫಲಿತಾಂಶ ಹೇಳಲಿಲ್ಲ. ನೀವು ಊರಿನಲ್ಲಿ ಯಾರ ಕೂದಲು ತೆಗೆದರೂ ಅವರವರ ಅಂಕಿಯನ್ನು ಅವರವರಿಗೆ ಕೊಡುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ದೇಹದಲ್ಲಿನ ಮಿಥೈಲ್ ಪಾದರಸ ಸುಮಾರು 70 ದಿನಕ್ಕೆ ಅರ್ಧಕ್ಕಿಳಿಯುತ್ತದೆ, ಒಂದು ವರ್ಷದಲ್ಲಿ ಹೆಚ್ಚೂ ಕಡಿಮೆ ಖಾಲಿ. ಅದಕ್ಕೇ ತಡವಾಗಿ ಅಳೆದರೆ ಕೂದಲು ಶುದ್ಧವಾಗಿರುತ್ತದೆ, ಕೆಟ್ಟ ನರ ಕೆಟ್ಟೇ ಇರುತ್ತದೆ. ದೇಹದ ವಿಷ ತೆಗೆಯುತ್ತೇವೆ ಎಂದು ಚುಚ್ಚುಮದ್ದು ಮಾರುವವರ ಹತ್ತಿರ ಹೋಗಬೇಡಿ, ಪಾದರಸಕ್ಕೆ ಹಿಂದೆ ಬಳಸುತ್ತಿದ್ದ ಬಿಎಎಲ್ ಎಂಬ ಮದ್ದು ಮಿಥೈಲ್ ಪಾದರಸವನ್ನು ಮೆದುಳಿಗೆ ಇನ್ನಷ್ಟು ತಳ್ಳಬಲ್ಲದು.

ತೊಳೆಯುವುದು, ಬೇಯಿಸುವುದು: ಇಲ್ಲ, ಹೋಗುವುದಿಲ್ಲ. ಪಾದರಸ ಕೊಬ್ಬಿನಲ್ಲೋ ಚರ್ಮದಲ್ಲೋ ಕೂತಿಲ್ಲ, ಮಾಂಸದ ಪ್ರೋಟೀನಿಗೇ ಅಂಟಿದೆ. ಉಪ್ಪು, ಹುಣಸೆ, ಕೋಕಂ ಯಾವುದೂ ಅದನ್ನು ಬಿಡಿಸವು. ಹುರಿದಾಗ ನೀರಿನಂಶ ಹೋಗಿ ಗ್ರಾಂ ಲೆಕ್ಕದಲ್ಲಿ ಹೆಚ್ಚೇ ಆಗುತ್ತದೆ, ಒಣಮೀನಿನಲ್ಲಿ ಇನ್ನೂ ಹೆಚ್ಚು.

ಅತ್ತಿಗೆಯವರು ಮೀನು ಬಿಡಬಾರದು. ಮಗುವಿನ ಮೆದುಳಿಗೆ ಬೇಕಾದ ಕೊಬ್ಬಿನಾಮ್ಲ, ಅಯೋಡಿನ್, ಪ್ರೋಟೀನು ಅದರಲ್ಲಿದೆ. ಬದಲಾಯಿಸಬೇಕಾದದ್ದು ಮೀನಿನ ಜಾತಿ, ಗಾತ್ರ. ತಾರ್ಲೆ, ಬಂಗುಡೆಯಂಥ ಸಣ್ಣ, ಅಲ್ಪಾಯುಷಿ ಮೀನಿನಲ್ಲಿ 0.05 ಪಿಪಿಎಂ ಇದೆ ಎಂದಿಟ್ಟುಕೊಳ್ಳಿ, 60 ಕಿಲೋ ತೂಕದವರು ವಾರಕ್ಕೆ 1.9 ಕಿಲೋ ತಿಂದರೂ ಮಿತಿ ಮುಟ್ಟುವುದಿಲ್ಲ. 1 ಪಿಪಿಎಂ ಇರುವ ದೊಡ್ಡ ಶಾರ್ಕಿನಲ್ಲಾದರೆ ಒಂದು ತುಂಡು, 96 ಗ್ರಾಂ, ಅಷ್ಟಕ್ಕೇ ವಾರದ ಲೆಕ್ಕ ಮುಗಿಯಿತು. ಆದ್ದರಿಂದ ಹೆರಿಗೆಯವರೆಗೆ, ಹಾಲೂಡಿಸುವವರೆಗೆ ಶಾರ್ಕ್, ಮಾರ್ಲಿನ್, ದೊಡ್ಡ ಕೇದರ ಬೇಡ. ಬಾಣಂತಿಗೆ ಹಾಲು ಬರಲಿ ಎಂದು ಶಾರ್ಕಿನ ಸಾರು ಮಾಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಚಿಕ್ಕ ಮರಿ ಎಂದೂ ವಿನಾಯಿತಿ ಬೇಡ, ಬಂಗುಡೆಯದನ್ನೇ ಮಾಡಿ. ದೊಡ್ಡ ಇಸ್ವಾಣ ತಿಂಗಳಿಗೆ ಒಂದೆರಡು ಸಲ ಸಾಕು. ಚಿಪ್ಪಿ, ಕಲ್ವಗಳನ್ನು ಯಾವುದೇ ಕಾರ್ಖಾನೆಯ ಚರಂಡಿ ಸೇರುವ ಕಡೆಯಿಂದ ತರಬೇಡಿ. ಮನಸ್ಸಿಗೆ ಅಳುಕಿದ್ದರೆ ಹೆರಿಗೆಯಾದ ವಾರದಲ್ಲಿ ಅವರ ಹಿಂದಲೆಯ ಹತ್ತು ಸೆಂಟಿಮೀಟರ್ ಕೂದಲು ತೆಗೆದು, ಒಂದೊಂದು ಸೆಂಟಿಮೀಟರಿನ ತುಂಡಾಗಿ ಅಳೆಸಿ. ಬುಡದ ತುಂಡು ಒಂಬತ್ತನೆಯ ತಿಂಗಳದು, ತುದಿಯದು ಬಸಿರು ನಿಂತ ಹೊತ್ತಿನದು. ಅದಕ್ಕೂ ಮುಂಚೆ ಕೂದಲಿಗೆ ಬಣ್ಣ ಹಚ್ಚುವುದಾಗಲಿ, ರಾಸಾಯನಿಕ ಹಾಕಿ ನೇರ ಮಾಡಿಸುವುದಾಗಲಿ ಬೇಡ, ಅದರಿಂದ ಪಾದರಸ ಕಳೆದು ಅಂಕಿ ತಪ್ಪು ಬರುತ್ತದೆ.